ಮೊದಲ ಟೇಕಿಗೇ ಓಕೆ

ಜನವರಿ 9

ಊಟದ ಬಿಡುವಿಗೆ ಮೊದಲೇ ಒಬ್ಬ ಮಂತ್ರಿ, ಇಬ್ಬರು ಸೊಸೆಯಂದಿರು, ಒಂದು ತುಕಡಿ ಸೈನಿಕರನ್ನು ಗಲ್ಲಿಗೇರಿಸಿದ್ದಾಯಿತು. ಸೈನಿಕರಿಗೆ ಒಂದೇ ಕೂಗು ಸಾಕಾಯಿತು. ಸೊಸೆಯಂದಿರು ಅಷ್ಟು ಸುಲಭಕ್ಕೆ ಸಾಯುವವರಲ್ಲ — ತಲಾ ಆರು ಟೇಕ್.

ಕಿರಿಚುವುದು ರಾಣಿ. ಗಂಟಲು ನನ್ನದು. ಆಕೆ ಯಾವುದೋ ದೇಶದ ನಟಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಸಿಂಹಾಸನದ ಮೇಲೆ ಆರಾಮಾಗಿ ಕೂತು ಬಾಯಿ ತೆರೆಯುತ್ತಾಳೆ. ಕಿಟಕಿಯಿಲ್ಲದ ಡಬ್ಬಿಂಗ್ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಆ ಬಾಯಿಗೆ ಕನ್ನಡ ತುಂಬುವವಳು ನಾನು. ಮೂರು ವರ್ಷದಿಂದ ಅವಳ ಸಿಟ್ಟಿನ ಗುತ್ತಿಗೆ ನನ್ನದೇ. ಧಾರಾವಾಹಿ ನೋಡುವವರಿಗೆ ನನ್ನ ಮುಖ ಗೊತ್ತಿಲ್ಲ. ತರಕಾರಿ ಅಂಗಡಿಯಲ್ಲಿ “ಟೊಮೇಟೊ ಎಷ್ಟು” ಅಂದರೆ ಮಾತ್ರ ಅಂಗಡಿಯವನು ನೆಟ್ಟಗೆ ನಿಲ್ಲುತ್ತಾನೆ.

ನಮ್ಮ ಡಬ್ಬಿಂಗ್ ನಿರ್ದೇಶಕರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಸ್ಟುಡಿಯೋದಲ್ಲಿ ಅವರು ‘ಇನ್ನೊಂದು’. ಟೇಕ್ ಹೇಗೇ ಬರಲಿ, “ಚೆನ್ನಾಗಿತ್ತು ಮೇಡಂ, ಇನ್ನೊಂದು ಮಾಡೋಣ.” ಬ್ರಹ್ಮ ಇವರ ಕೈಕೆಳಗೆ ಕೆಲಸಕ್ಕಿದ್ದಿದ್ದರೆ ಭೂಮಿ ಇನ್ನೂ ತಯಾರಾಗುತ್ತಿತ್ತು.

ಗಾಜಿನ ಆಚೆ ಕೂರುವ ರೆಕಾರ್ಡಿಸ್ಟ್ ‘ಕಿವಿ’. ನನ್ನ ತಮ್ಮನ ವಯಸ್ಸು. ನನ್ನ ಹೊಟ್ಟೆ ಗುರುಗುಟ್ಟಿದರೂ ಹೆಡ್‌ಫೋನಿನಲ್ಲಿ ಹಿಡಿದುಬಿಡುತ್ತಾನೆ. “ಅಕ್ಕಾ, ಎರಡು ಬಿಸ್ಕತ್ ತಿಂದು ಬನ್ನಿ. ರಾಣಿಗೆ ಹಸಿವಾಗಿದೆ ಅನ್ಸುತ್ತೆ.”

ಊಟದ ಹೊತ್ತಿಗೆ ಎಂದಿನಂತೆ ಬಿಪಿ. ಮಿಷನ್ ಕಲಾವಿದರೆಲ್ಲ ಸೇರಿ ಕೊಂಡದ್ದು, ರಾಕ್ಷಸರಿಗೆ ದನಿ ಕೊಡುವಾತ ಒಮ್ಮೆ ಅಟ್ಟಹಾಸದ ನಡುವೆ ತಲೆ ಸುತ್ತಿ ಬಿದ್ದ ಮೇಲೆ. ಚಹಾ ಫ್ಲಾಸ್ಕಿನ ಪಕ್ಕ ಇರುತ್ತದೆ. ಅಳೆಯುವ ಕ್ರಮವೂ ನಮ್ಮ ಕಸುಬಿನದೇ. ಮೊದಲನೆಯದು ರಿಹರ್ಸಲ್, ಲೆಕ್ಕಕ್ಕಿಲ್ಲ. ಆಮೇಲೆ ಟೇಕ್‌ಗಳು. ಕಿವಿ ಪಕ್ಕದಲ್ಲಿ ನಿಂತು ನಂಬರ್ ನೋಡುತ್ತಾನೆ. ಒಳ್ಳೆಯದು ಬಂದಾಗ “ಓಕೆ” ಅನ್ನುತ್ತಾನೆ. ಓಕೆ ಆದದ್ದು ಉಳಿಯುತ್ತದೆ. ಉಳಿದವು ನಡೆದೇ ಇಲ್ಲ. ಕೆಟ್ಟ ಟೇಕುಗಳನ್ನು ಇಟ್ಟುಕೊಂಡು ಯಾವ ಧಾರಾವಾಹಿ ಉದ್ಧಾರವಾಗಿದೆ?

ನನ್ನದು ರಿಹರ್ಸಲ್‌ನಲ್ಲಿ ನೂರಾ ಎಂಬತ್ತರ ಹತ್ತಿರ. ನೀರು ಕುಡಿದೆ. ಕಣ್ಣು ಮುಚ್ಚಿದೆ. ಇನ್ನೊಂದು ತೋಳಿಗೆ ಸುತ್ತಿದೆವು. ಕೊನೆಗೆ ನೂರಾ ನಲವತ್ತೆಂಟು — ಓಕೆ. ತಿಂಗಳಿಗೊಮ್ಮೆ ನಮ್ಮ ಬೀದಿಯ ಡಾಕ್ಟರಿಗೆ ಹೇಳುವುದು ಈ ಓಕೆ ನಂಬರನ್ನೇ. ಅವರೂ ಖುಷಿ. “ಸ್ವಲ್ಪ ಜಾಸ್ತಿ, ಪರವಾಗಿಲ್ಲ, ಅದೇ ಮಾತ್ರೆ ಮುಂದುವರಿಸಿ.”

ಉದ್ದದ ಕೂಗಿಗೆ ಎದೆಯ ಮೇಲೆ ಯಾರೋ ಕೂತ ಹಾಗೆ. ನಾನು ಕೂತರೆ ಅವರು ಎದ್ದು ಹೋಗುತ್ತಾರೆ. ರಾಣಿಯ ಬಿಗಿ ಸೊಂಟಪಟ್ಟಿಯನ್ನು ನಾನು ಎದೆಗೆ ಕಟ್ಟಿಕೊಂಡಂತಿದೆ.


ಜನವರಿ 18

ಎರಡನೆಯ ಮಹಡಿಗೆ ಹತ್ತುವಾಗ ಮತ್ತೆ ಅದೇ. ಎದೆ, ಆಮೇಲೆ ದವಡೆ. ಮೆಟ್ಟಿಲ ಮೇಲೆ ಕೂತೆ. ಕೆಳಮನೆಯಾಕೆ ಹಾದು ಹೋಗುತ್ತ, “ಏನು, ಯಾರಿಗಾದ್ರೂ ಕಾಯ್ತಿದೀರಾ?” ಹೌದಮ್ಮ, ಯಮನಿಗೆ. ಲಿಫ್ಟ್ ಇಲ್ಲವಲ್ಲ, ತಡ ಮಾಡುತ್ತಿದ್ದಾನೆ.

ಸಂಜೆ ನಾದಿನಿ ಬಂದಿದ್ದಳು. ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಮನುಷ್ಯರ ಮುಖ ದಿನವಿಡೀ ಉಜ್ಜಿ ಉಜ್ಜಿ ಒಳಗಿನದೆಲ್ಲ ತನಗೆ ಕಾಣುತ್ತದೆಂಬ ಭ್ರಮೆ.

“ಅತ್ತಿಗೆ, ನಿಮ್ಮದು ಗ್ಯಾಸು.”

“ದವಡೆಯಲ್ಲಿ ಗ್ಯಾಸಾ?”

“ಗ್ಯಾಸು ಎಲ್ಲಿ ಬೇಕಾದ್ರೂ ಹೋಗುತ್ತೆ ಅತ್ತಿಗೆ. ಅದಕ್ಕೇನು ಬಸ್ ಪಾಸ್ ಬೇಕಾ?”

ನಮ್ಮನೆಯವರು ನಕ್ಕರು. ಇವರು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರು. ಆಯುಸ್ಸೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲಡಿ ಒಂದು ಹೆಚ್ಚುವರಿ ಬ್ರೇಕ್ ಇಟ್ಟುಕೊಂಡು ಕಳೆದಿದ್ದಾರೆ. ಮನೆಯಲ್ಲಿ ನಾನು ದನಿ ಏರಿಸಿದರೆ ಇವರ ಬಲಗಾಲು ನೆಲ ಒತ್ತುತ್ತದೆ. “ನಿಧಾನ… ನಿಧಾನ…” ಮೂವತ್ತು ವರ್ಷದಿಂದ ಈ ಒಂದು ಮಾತಿಗೆ ನನ್ನ ಮೈ ಉರಿಯುತ್ತಿದೆ. ಈ ಮನುಷ್ಯ ಒಂದು ಸಲ ಆಕ್ಸಿಲರೇಟರ್ ಒತ್ತಿದ್ದು ನೋಡಿಲ್ಲ.


ಜನವರಿ 28

ರಾಣಿ ಸತ್ತಳು.

ಬರೆಯಲು ಆಗುತ್ತಿಲ್ಲ. ಕೈ…


ಫೆಬ್ರವರಿ 3, ಮಧ್ಯಾಹ್ನ

ಆಸ್ಪತ್ರೆ. ಎಡಗೈಯಲ್ಲಿ ಸೂಜಿ, ಬಲಗೈ ಮಣಿಕಟ್ಟಿಗೆ ಬಿಗಿ ಪಟ್ಟಿ. ಆದರೂ ಬರೆಯುತ್ತೇನೆ. ಇಲ್ಲದಿದ್ದರೆ ಈ ಸಿಟ್ಟು ಒಳಗೇ ಕೊಳೆಯುತ್ತದೆ.

ಅವತ್ತು ರಾಣಿಯ ಕೊನೆಯ ದೃಶ್ಯ. ಸಿಂಹಾಸನದ ಮೆಟ್ಟಿಲ ಮೇಲೆ ನಿಂತು ಇಡೀ ವಂಶಕ್ಕೆ ಶಾಪ ಹಾಕುತ್ತ ಎದೆ ಹಿಡಿದುಕೊಂಡು ಬೀಳುತ್ತಾಳೆ. ಶಾಪ ಉದ್ದ. ಅನುವಾದ ಮಾಡಿದ ಪುಣ್ಯಾತ್ಮ ಉಸಿರಿಗೆ ಜಾಗವನ್ನೇ ಬಿಟ್ಟಿಲ್ಲ. ಮೂರನೆಯ ಸಾಲಿಗೆ ಎದೆಯ ಮೇಲೆ ಕೂರುವವರು ಬಂದು ಕೂತರು. ನಾಲ್ಕಕ್ಕೆ ಸಂಸಾರ ಸಮೇತ. ಐದನೆಯ ಸಾಲಿನಲ್ಲಿ ನನ್ನ ಬಾಯಿಂದ ಒಂದು ಸದ್ದು ಬಂತು. ನಾನು ಮಾಡಿದ್ದಲ್ಲ. ಎಲ್ಲಿಂದ ಬಂತೋ. ಸ್ಕ್ರಿಪ್ಟ್ ಸ್ಟ್ಯಾಂಡ್ ಹಿಡಿದುಕೊಂಡೆ. ಪರದೆಯ ಮೇಲೆ ರಾಣಿ ಬಿದ್ದಳು. ಇಲ್ಲಿ ನಾನೂ ಕುಸಿದು ಕೂತೆ.

ಆಮೇಲೆ ಸ್ಪೀಕರಿನಲ್ಲಿ ‘ಇನ್ನೊಂದು’ ಸಾಹೇಬರ ದನಿ.

“ಓಕೆ.”

ಇಷ್ಟು ವರ್ಷದಲ್ಲಿ ಮೊದಲನೆಯ ಸಲ ಮೊದಲ ಟೇಕಿಗೇ ಓಕೆ. ಗಾಜಿನ ಆಚೆ ಎದ್ದು ನಿಂತು ಚಪ್ಪಾಳೆ ಬೇರೆ. “ಇದಕ್ಕೆ ಇನ್ನೊಂದು ಬೇಡ ಮೇಡಂ. ಮುಟ್ಟೋ ಹಾಗೇ ಇಲ್ಲ.”

ನೀರು ಕೇಳಬೇಕು, ದನಿ ಹೊರಡುತ್ತಿಲ್ಲ. ಕೈ ಎತ್ತಿದೆ. ಅವರೂ ಕೈ ಎತ್ತಿ ನಮಸ್ಕಾರ ಮಾಡಿದರು. ಆಮೇಲೆ ಕಿವಿಗೆ ಹೇಳಿದ್ದು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತು: “ಪಾತ್ರದಿಂದ ಹೊರಗೆ ಬರಲಿ, ಪಾಪ. ಯಾರೂ ಒಳಗೆ ಹೋಗಬೇಡಿ. ಲೈಟ್ ಡಿಮ್ ಮಾಡು.”

ಡಿಮ್ ಮಾಡಿದರು. ನಾನು ಸಾಯುತ್ತಿದ್ದರೆ ಕತ್ತಲೆಯಲ್ಲಿ, ಗೌರವಪೂರ್ವಕವಾಗಿ ಸಾಯಬೇಕಾಗಿತ್ತು.

ಸತ್ತಿಲ್ಲ. ಆಟೋ ಹಿಡಿದು ಮನೆಗೆ ಬಂದೆ. ಮತ್ತೆ ಮತ್ತೆ ನೋವು ಬಂದು ಹೋಗಿ ಮಾಡಿದ ಮೇಲೆ ಇವರು ಇಲ್ಲಿಗೆ ಕರೆತಂದರು — ಪ್ರತಿ ಸಿಗ್ನಲ್ಲಿಗೂ ನಿಂತು, ಖಾಲಿ ರಸ್ತೆಯಲ್ಲೂ ಇಂಡಿಕೇಟರ್ ಹಾಕಿ.

ಇಸಿಜಿ, ರಕ್ತ, ಕೊನೆಗೆ ಆಂಜಿಯೋಗ್ರಾಂ. ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ, ಬಣ್ಣ ಬಿಟ್ಟು, ಹೃದಯದ ರಕ್ತನಾಳ ನೋಡುವುದು. ದೊಡ್ಡ ಡಾಕ್ಟರು ಬೆಳಗ್ಗೆ ಬಂದರು. ಮಲಗಿದ್ದವಳು ನಾನು, ಮಾತಾಡಿದ್ದು ಇವರ ಜೊತೆ.

“ಕಂಗ್ರಾಜುಲೇಷನ್ಸ್. ಪೂರ್ತಿ ಕ್ಲೀನ್. ಒಂದೇ ಒಂದು ಬ್ಲಾಕ್ ಇಲ್ಲ.”

“ಮತ್ತೆ ನೋವು ಡಾಕ್ಟ್ರೇ?” ನಾನು ಕೇಳಿದೆ.

ಇವರಿಗೇ ಹೇಳಿದರು. “ಟೆನ್ಷನ್ ಇರಬಹುದು. ಮನೇಲಿ ಏನಾದರೂ ಬೇಜಾರು…? ಈ ವಯಸ್ಸಲ್ಲಿ ಹೆಂಗಸರಿಗೆ ಆಗುತ್ತೆ.”

“ಬಿಪಿ ಜಾಸ್ತಿ ತೋರಿಸ್ತಿದೆ ಅಂತ ನರ್ಸ್ ಅಂದ್ರು,” ಇವರು ಮೆಲ್ಲಗೆ ಅಂದರು.

“ಆಸ್ಪತ್ರೆ ಭಯ. ಮನೇಲಿ ಎಷ್ಟು ಬರುತ್ತೆ?”

ಇವರು ಓಕೆ ನಂಬರ್ ಹೇಳಿದರು. ಇವರಿಗೆ ಗೊತ್ತಿದ್ದದ್ದು ಅದೊಂದೇ.

“ನೋಡಿ ಮತ್ತೆ.” ಡಾಕ್ಟರು ಹೊರಟೇ ಹೋದರು. ಶೂ ಚೆನ್ನಾಗಿತ್ತು. ಅದೂ ಪೂರ್ತಿ ಕ್ಲೀನ್.


ಫೆಬ್ರವರಿ 9

‘ಕ್ಲೀನ್’ ಎಂಬ ಮಾತು ಇಷ್ಟು ಕೊಳಕು ಎಂದು ಗೊತ್ತಿರಲಿಲ್ಲ.

ಫೋನ್ ಮಾಡಿದವರೆಲ್ಲ, “ಕ್ಲೀನ್ ಅಂತೆ ಅಲ್ವಾ!” ಕಳ್ಳತನದ ಕೇಸಿನಲ್ಲಿ ಖುಲಾಸೆ ಆದವಳನ್ನು ಮಾತಾಡಿಸುವ ಧಾಟಿ. ನಾದಿನಿಯಂತೂ ಗೆದ್ದ ಪಕ್ಷದವಳ ಹಾಗೆ ಬಂದು ಕೂತಳು.

“ನಾನು ಹೇಳಿದ್ನಲ್ಲ ಅತ್ತಿಗೆ. ಅಷ್ಟು ದುಡ್ಡು ಕೊಟ್ಟು ನೋಡಿಸಿದ್ರಿ. ನಾನು ಪುಕ್ಕಟೆ ಹೇಳಿದ್ದೆ.”

“ಇವತ್ತು ಬೆಳಗ್ಗೆನೂ ಮೆಟ್ಟಿಲ ಮೇಲೆ ಬಂತು ಕಣೇ.”

“ನೀವು ಅದನ್ನೇ ಯೋಚನೆ ಮಾಡ್ತಿದ್ರೆ ಬರದೇ ಏನು ಮಾಡುತ್ತೆ? ಕರೆದ ಹಾಗಲ್ವಾ?”

ಅವಳು ಹೋದ ಮೇಲೆ ಇವರ ಮುಂದೆ ನಿಂತೆ. “ನೀವೂ ಹಾಗೇ ಅಂದ್ಕೊಂಡಿದೀರಾ?”

ಪೇಪರ್ ಮಡಚಿದರು. ಬಿಚ್ಚಿದರು. “ಹಾಗಲ್ಲ ಕಣೇ… ಡಾಕ್ಟ್ರು ಏನೂ ಇಲ್ಲ ಅಂತಾರೆ. ನೀನೋ, ದಿನಾ ಎದೆ ಹಿಡ್ಕೊಂಡು ಸಾಯೋದೇ ಕೆಲಸ ಮಾಡ್ದೋಳು. ಅಡುಗೆ ಮನೇಲಿ ಪ್ರಾಕ್ಟೀಸ್ ಮಾಡ್ತಾ ನೀನು ಎಷ್ಟು ಸಲ ಸತ್ತಿಲ್ಲ? ಅಭ್ಯಾಸ ಆಗಿ… ದೇಹಕ್ಕೇ ಆ ಪಾಠ ಬಂದುಬಿಟ್ಟಿದೆಯೇನೋ ಅಂತ.”

ಅಂದರೆ ನಟನೆ. ಮೂವತ್ತು ವರ್ಷ ನನ್ನ ಜೊತೆ ಒಂದೇ ಮನೆಯ ತಟ್ಟೆ ಪಾತ್ರೆ ತೊಳೆದ ಗಂಡನ ಅಭಿಪ್ರಾಯ. ನಾನು ರಾಣಿಯ ದನಿ ತೆಗೆಯಲಿಲ್ಲ. ತೆಗೆದರೆ ಅದೂ ನಟನೆ ಆಗುತ್ತದಲ್ಲ. ಅಳಲೂ ಇಲ್ಲ. ಅಳುವುದಕ್ಕೂ ನನಗೆ ಹೆಸರಿದೆ. ನಿಜವಾಗಿ ನೋವಾದಾಗ ಮಾಡಲು ಒಂದೂ ಸದ್ದು ಉಳಿದಿಲ್ಲ, ಎಲ್ಲವನ್ನೂ ಬಾಡಿಗೆಗೆ ಕೊಟ್ಟಿದ್ದೇನೆ.

ಅವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಕುಡಿದರು. ಲೋಟ ತೊಳೆದಿಟ್ಟರು. ಅದಕ್ಕೂ ಸಿಟ್ಟು ಬಂತು.


ಫೆಬ್ರವರಿ 10

ಮಾತಿಲ್ಲ.


ಫೆಬ್ರವರಿ 13

ಮಾತಿಲ್ಲ. ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿದ್ದಾರೆ: ‘ಹಾಲು ಮುಗಿದಿದೆ.’ ಕೆಳಗೆ ಬರೆದೆ: ‘ನಿಮ್ಮ ದೇಹಕ್ಕೆ ಹಾಗೆ ಅಭ್ಯಾಸ ಆಗಿರಬೇಕು.’


ಫೆಬ್ರವರಿ 20

ಸಂಜೆ ಏಳಕ್ಕೆ ರಾಣಿಯ ಸಾವು ಪ್ರಸಾರವಾಯಿತು. ನೋಡುವುದಿಲ್ಲ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಇವರು ನಡುಮನೆಯಲ್ಲಿ ಟೀವಿ ಹಾಕಿಕೊಂಡು ಕೂತಿದ್ದರು. ಮಾತಿಲ್ಲದ ಮನೆಯಲ್ಲಿ ಟೀವಿಯಾದರೂ ಮಾತಾಡಲಿ ಅಂತ ಇರಬೇಕು.

ಶಾಪ ಶುರುವಾಯಿತು. ಒಂದನೆಯ ಸಾಲು, ಎರಡು, ಮೂರು. ನನ್ನ ಕೈ ನಲ್ಲಿಯ ಕೆಳಗೆ ನಿಂತಿತು. ಐದನೆಯ ಸಾಲು — ಆ ಸದ್ದು.

ದಡ್ ಅಂತ ನಡುಮನೆಯಲ್ಲಿ ಏನೋ ಬಿತ್ತು. ಓಡಿ ಹೋಗಿ ನೋಡಿದೆ. ಇವರ ಬಲಗಾಲು ನೆಲಕ್ಕೆ ಒತ್ತಿಕೊಂಡಿದೆ, ಮಂಡಿ ನೆಟ್ಟಗೆ. ಮುಂದಿದ್ದ ಸ್ಟೂಲು ಉರುಳಿದೆ. ಎದುರಿಗೆ ಲಾರಿ ಬಂದಾಗ ಬ್ರೇಕ್ ಒತ್ತುವ ಕಾಲು ಅದು. ಅದು ಅಷ್ಟು ಜೋರಾಗಿ ಒತ್ತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಟೀವಿ ಆರಿಸಿದರು.

“ಇದು ನೀನು ಮಾಡಿದ್ದಲ್ಲ,” ಅಂದರು. ಹನ್ನೊಂದು ದಿನದ ಮೇಲೆ ಮೊದಲ ಮಾತು.

“ಮತ್ತೆ ಇನ್ಯಾರು, ಪಕ್ಕದ ಮನೆಯೋರು ಮಾಡಿದ್ರಾ?”

“ನೀನು ಸಾಯೋ ಮುಂಚೆ ಯಾವಾಗ್ಲೂ ಉಸಿರು ಎಳ್ಕೋತೀಯ. ಅಡುಗೆ ಮನೇಲಿ ಕೇಳಿ ಕೇಳಿ ಗೊತ್ತು ನಂಗೆ. ಸಣ್ಣದಾಗಿ ಒಂದು ಎಳ್ಕೊಂಡು ಆಮೇಲೆ ಕೂಗ್ತೀಯ. ಇದ್ರಲ್ಲಿ ಎಳ್ಕೊಂಡೇ ಇಲ್ಲ.” ಸ್ವಲ್ಪ ತಡೆದು, “ನಾಳೆ ಬೇರೆ ಡಾಕ್ಟ್ರ ಹತ್ರ ಹೋಗೋಣ.”

ಸಮಾಧಾನ ಆಗಬೇಕಿತ್ತು. ಇನ್ನಷ್ಟು ಉರಿಯಿತು. ನಾನು ಬಾಯಿಬಿಟ್ಟು ಹೇಳಿದ್ದು ನಂಬಿಕೆಗೆ ಅರ್ಹವಲ್ಲ, ಟೀವಿ ಹೇಳಿದರೆ ನಿಜ.

ಆ ಹೊತ್ತಿಗೆ ಫೋನಿನ ಸುರಿಮಳೆ. ಅದ್ಭುತ, ಮೈ ಜುಮ್ಮೆಂದಿತು, ಪ್ರಶಸ್ತಿ ಗ್ಯಾರಂಟಿ. ನಾದಿನಿಯೂ ಮಾಡಿದಳು. “ಅತ್ತಿಗೆ, ಎಷ್ಟು ನ್ಯಾಚುರಲ್ ಆಗಿ ಮಾಡಿದೀರಿ.”

“ಗ್ಯಾಸು,” ಅಂದು ಇಟ್ಟೆ.


ಫೆಬ್ರವರಿ 21, ಸಂಜೆ

ಈ ಡಾಕ್ಟರಮ್ಮನಿಗೆ ನೆಗಡಿ. ಮೂಗು ಒರೆಸಿಕೊಂಡು ನನ್ನ ಮುಖ ನೋಡಿಯೇ ಮಾತಾಡಿದರು. ಅಷ್ಟಕ್ಕೇ ಅರ್ಧ ಸಿಟ್ಟು ಇಳಿದೀತೆಂದು ಹೆದರಿದೆ.

ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ನೂರಾ ಎಂಬತ್ತೆರಡು.

“ಇನ್ನೊಂದು ತಗೊಳ್ಳಿ,” ಅಂದೆ.

“ತಗೋತೀನಿ. ಆದ್ರೆ ಯಾಕೆ?”

“ಇದು ರಿಹರ್ಸಲ್.”

ಕರವಸ್ತ್ರ ಮೂಗಿನ ಹತ್ತಿರವೇ ನಿಂತಿತು. “ಅಂದ್ರೆ?”

ನಮ್ಮ ಕ್ರಮ ವಿವರಿಸಿದೆ. ರಿಹರ್ಸಲ್, ಟೇಕ್, ಓಕೆ. ಹೇಳುತ್ತ ಹೇಳುತ್ತ ನನಗೇ ಯಾಕೋ ದನಿ ಸಣ್ಣಗಾಯಿತು. ಇವರು ನನ್ನನ್ನೇ ನೋಡುತ್ತಿದ್ದರು, ನಾಲ್ಕನೆಯ ಗೇರಿನಲ್ಲಿ ಕಾರು ಸ್ಟಾರ್ಟ್ ಮಾಡುವ ವಿದ್ಯಾರ್ಥಿಯನ್ನು ನೋಡುವ ಹಾಗೆ.

ಡಾಕ್ಟರಮ್ಮ ನಗಲಿಲ್ಲ. “ಎಷ್ಟು ವರ್ಷದಿಂದ ಹೀಗೆ ಆರಿಸ್ತಿದೀರಿ?”

“ಮಿಷನ್ ಬಂದಾಗಿನಿಂದ. ಐದಾರು ವರ್ಷ.”

“ಎರಡು ಮೂರು ಸಲ ಅಳೆಯೋದು ತಪ್ಪಲ್ಲ. ಚೆನ್ನಾಗಿರೋದನ್ನ ಇಟ್ಕೊಂಡು ಉಳಿದದ್ದು ಬಿಸಾಕೋದು ತಪ್ಪು. ನೀವು ಬಿಸಾಕಿದ್ದನ್ನೆಲ್ಲ ನಿಮ್ಮ ಹಾರ್ಟ್ ಇಟ್ಕೊಂಡಿದೆ.”

ಎಕೋ ಮಾಡಿದರು. ಎದೆಯ ಮೇಲೆ ತಣ್ಣನೆಯ ಜೆಲ್ಲು, ಪರದೆಯ ಮೇಲೆ ನನ್ನ ಹೃದಯ. ಮೊದಲ ಸಲ ಪರದೆಯ ಮೇಲೆ ನನ್ನದೇ ಏನೋ ಒಂದು ಕಾಣಿಸಿತು. ಬಾಯಿ ತೆರೆದು ಮುಚ್ಚುತ್ತಿದೆ, ಡಬ್ಬಿಂಗ್ ಇಲ್ಲ. ಗೋಡೆ ದಪ್ಪಗಾಗಿದೆಯಂತೆ.

“ಮುಷ್ಟಿ ಬಿಗಿ ಹಿಡೀರಿ. ಇನ್ನೂ ಬಿಗಿ.”

ಹಿಡಿದೆ. ನನಗೆ ಆ ಹೊತ್ತಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ.

“ಈಗ ಬಿಚ್ಚಿ. ಅಂಗೈ ಹೇಗಿದೆ?”

“ಬಿಳಿಚಿದೆ.”

“ನೋಡ್ತಾ ಇರಿ. ಕೆಂಪು ಬಂತಾ? ಯಾವಾಗ ಬಂತು?”

“ಬಿಚ್ಚಿದ ಮೇಲೆ.”

“ಹಾರ್ಟೂ ಅಷ್ಟೇ. ಮುಷ್ಟಿ ಬಿಗಿ ಹಿಡಿದಾಗ ಊರಿಗೆಲ್ಲ ರಕ್ತ ಕಳಿಸುತ್ತೆ. ಆದ್ರೆ ಅದರ ಸ್ವಂತ ಮಾಂಸಕ್ಕೆ, ಅದ್ರಲ್ಲೂ ಒಳಪದರಕ್ಕೆ, ರಕ್ತ ಸಿಗೋದು ಹೆಚ್ಚಾಗಿ ಸಡಿಲ ಬಿಟ್ಟಾಗ. ಎರಡು ಬಡಿತದ ನಡುವಿನ ಬಿಡುವಲ್ಲಿ ಅದರ ಊಟ.”

ಆಮೇಲೆ ಹೇಳಿದ್ದನ್ನು ನೆನಪಿದ್ದಷ್ಟು ಬರೆದಿಡುತ್ತೇನೆ. ಬಿಪಿ ಹೆಚ್ಚಿದ್ದರೆ ಪ್ರತಿ ಬಡಿತಕ್ಕೂ ಹೃದಯ ಜಾಸ್ತಿ ಜೋರು ಹಾಕಬೇಕು. ಮೂಟೆ ಹೊರುವವರ ರಟ್ಟೆಯಂತೆ ಗೋಡೆ ದಪ್ಪಗಾಗುತ್ತದೆ. ದಪ್ಪ ಗೋಡೆಗೆ ಹಸಿವು ಹೆಚ್ಚು. ಆದರೆ ಆ ಗೋಡೆಯೊಳಗೇ ಹಾದು ಹೋಗುವ ಕೂದಲೆಳೆಯಂಥ ನಾಳಗಳನ್ನು ಅದೇ ಹಿಸುಕುತ್ತದೆ. ವರ್ಷಗಟ್ಟಲೆ ಒತ್ತಡ ತಿಂದು ಆ ನಾಳಗಳೂ ಗಟ್ಟಿಯಾಗಿ ಕಿರಿದಾಗುತ್ತವೆ. ಬೇಕಾದಾಗ ಹಿಗ್ಗುವುದಿಲ್ಲ. ಗೋಡೆ ಪೂರ್ತಿ ಸಡಿಲವಾಗುವುದನ್ನೂ ಮರೆತಿರುತ್ತದೆ. ಇದರ ಮೇಲೆ ನಾನು ಕಿರಿಚಿದರೆ ಬಡಿತ ಓಡುತ್ತದೆ, ನಡುವಿನ ಬಿಡುವು ಮೊಟಕಾಗುತ್ತದೆ. ಊಟದ ಹೊತ್ತಿಗೇ ಕತ್ತರಿ. ಎದೆ ಹಿಂಡದೆ ಏನು ಮಾಡೀತು.

“ಮತ್ತೆ ಆಂಜಿಯೋಗ್ರಾಂ ಕ್ಲೀನ್ ಅಂದ್ರಲ್ಲ?” ಇವರು.

“ಸುಳ್ಳಲ್ಲ. ಅದ್ರಲ್ಲಿ ದೊಡ್ಡ ರಸ್ತೆ ಕಾಣುತ್ತೆ. ಗಲ್ಲಿಗಳು ಕಾಣಲ್ಲ. ಇವರಿಗೆ ಟ್ರಾಫಿಕ್ ಜಾಮ್ ಆಗಿರೋದು ಗಲ್ಲೀಲಿ ಅನ್ಸುತ್ತೆ. ರಕ್ತ ಎಷ್ಟು ಹರಿಯುತ್ತೆ ಅಂತ ಅಳೆಯೋ ಬೇರೆ ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ.”

ರಸ್ತೆ, ಗಲ್ಲಿ, ಜಾಮ್. ಇವರ ಮುಖ ಅರಳಿತು. ಮೂವತ್ತು ವರ್ಷದಲ್ಲಿ ನನ್ನ ಎದೆಯೊಳಗಿನದು ಈ ಮನುಷ್ಯನಿಗೆ ಮೊದಲ ಸಲ ಅರ್ಥವಾದದ್ದು.


ಮಾರ್ಚ್ 1

ಪರೀಕ್ಷೆ ಆಯಿತು. ಔಷಧಿ ಕೊಟ್ಟು ಹೃದಯದ ರಕ್ತದ ಹರಿವನ್ನು ಏರಿಸಿ ನೋಡುತ್ತಾರೆ. ಆರೋಗ್ಯವಂತರಲ್ಲಿ ಎರಡು ಮೂರು ಪಟ್ಟು ಏರಬೇಕಂತೆ. ನನ್ನದು ಎರಡು ಪಟ್ಟೂ ಮುಟ್ಟಲಿಲ್ಲ, ಸರಕಾರಿ ನೌಕರನ ಹಾಗೆ ಕೂತಲ್ಲೇ ಸ್ವಲ್ಪ ಅಲುಗಾಡಿತು.

ಹಾಗಾದರೆ ನೋವು ನಿಜ. ಇದನ್ನು ಕೇಳಿ ಬೇರೆಯವರು ಅಳುತ್ತಾರೇನೋ. ನನಗೆ ಊರೆಲ್ಲ ಮೈಕ್ ಕಟ್ಟಿಸಿ ಸಾರಬೇಕೆನಿಸಿತು. ಎಂಥ ದರಿದ್ರ ಸಂತೋಷ ನೋಡಿ — ರೋಗ ಇದೆ ಅಂತ ಗೆದ್ದ ಹಾಗೆ ಆಗುವುದು.

ನಾದಿನಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಮುಷ್ಟಿ ಸಮೇತ. ಸುಮ್ಮನೆ ಕೇಳಿದಳು.

“ಅತ್ತಿಗೆ…”

“ಏನು?”

“ಇದರ ಜೊತೆ ಗ್ಯಾಸೂ ಇರಬಹುದು.”


ಮಾರ್ಚ್ 7

ಹೊಸ ಮಾತ್ರೆಗಳು. ಒಂದು ಒತ್ತಡ ಇಳಿಸಲು. ಇನ್ನೊಂದು ಬಡಿತ ನಿಧಾನ ಮಾಡಲು, ನಡುವಿನ ಬಿಡುವು ಉದ್ದವಾಗಲಿ ಅಂತ. ಉಪ್ಪು ಕಡಿಮೆ. ಸಂಜೆ ಸಮತಟ್ಟು ರಸ್ತೆಯಲ್ಲಿ ನಡಿಗೆ. ಕೂಗು ಸದ್ಯಕ್ಕೆ ಬಂದ್, ಮೆಲುಮಾತಿಗೆ ಅಡ್ಡಿಯಿಲ್ಲ. ಗೋಡೆ ತಿಂಗಳುಗಟ್ಟಲೆಯಲ್ಲಿ ಸ್ವಲ್ಪ ತೆಳ್ಳಗಾದರೂ ಆಗಬಹುದಂತೆ. ಬಿಪಿ ಹೀಗೇ ಬಿಟ್ಟಿದ್ದರೆ ಮುಂದೆ ಏನಾಗುತ್ತಿತ್ತು ಅಂತಲೂ ಡಾಕ್ಟರಮ್ಮ ಹೇಳಿದರು. ಅದನ್ನು ಬರೆಯುವುದಿಲ್ಲ.

ಬಿಪಿ ಅಳೆಯಲು ಹೊಸ ಕಾನೂನು. ಬೆನ್ನು ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂರಬೇಕು. ಮಾತಿಲ್ಲ, ಫೋನಿಲ್ಲ. ಎರಡು ಸಲ ಅಳೆಯಬೇಕು. ಎರಡನ್ನೂ ಡಾಕ್ಟರಿಗೆ ಹೇಳಬೇಕು. ಆರಿಸುವಂತಿಲ್ಲ.

ಕಾನೂನು ಪಾಲನಾಧಿಕಾರಿ ನಮ್ಮನೆಯವರು. ಈಗ ಅವರ “ನಿಧಾನ… ನಿಧಾನ…”ಕ್ಕೆ ಡಾಕ್ಟರ ಚೀಟಿಯ ಬಲ ಬೇರೆ. ಇಷ್ಟು ವರ್ಷ ನಾನು ಜಗಳವಾಡಿದ ಒಂದೇ ಒಂದು ಮಾತು ಕೊನೆಗೆ ಔಷಧಿ ಎಂದು ಸಾಬೀತಾಗಬೇಕೇ? ಯಾವ ಶತ್ರುವಿಗೂ ಬೇಡ.

ಟೀವಿಯಲ್ಲಿ ಮರುಪ್ರಸಾರದ ಜಾಹೀರಾತು ಶುರುವಾಗಿದೆ. ಏನು ತೋರಿಸುತ್ತಾರೆ? ಆ ಐದನೆಯ ಸಾಲು. ಆ ಸದ್ದು. ಸೋಪಿನ ಜಾಹೀರಾತಿಗೆ ಮುಂಚೆ ಒಂದು ಸಲ, ಬಿಸ್ಕತ್ತಿನದಕ್ಕೆ ಮುಂಚೆ ಒಂದು ಸಲ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತ ನಿಂತಾಗ ಅಲ್ಲಿನ ಟೀವಿಯಲ್ಲೂ ಬಂತು. ನನ್ನ ಎದೆ ಹಿಂಡಿದ್ದಕ್ಕೆ ಹಿನ್ನೆಲೆಯಲ್ಲಿ ಪಿಟೀಲು.

ಅಂಗಡಿಯವನು, “ಸಕತ್ತಾಗಿದೆ ಅಲ್ವಾ ಮೇಡಂ?”

ಚಿಲ್ಲರೆ ತಗೊಳ್ಳದೆ ಬಂದುಬಿಟ್ಟೆ.


ಮಾರ್ಚ್ 16

ಸ್ಟುಡಿಯೋಗೆ ಹೋಗಿದ್ದೆ. ಇವರು ಬಿಟ್ಟುಬರುತ್ತೇನೆ ಅಂದರು. ಬೇಡ ಅಂದೆ. ಬಂದೇ ಬಂದರು. ಕಾರಿನಲ್ಲೇ ಕೂತಿರುತ್ತೇನೆ ಅಂದರು.

‘ಇನ್ನೊಂದು’ ಸಾಹೇಬರು ಬಾಗಿಲಿಗೇ ಬಂದು ಸ್ವಾಗತಿಸಿದರು. “ಬನ್ನಿ ಮೇಡಂ, ಬನ್ನಿ. ಎರಡನೇ ಭಾಗ ಬಂದಿದೆ. ರಾಣಿ ಪ್ರೇತ ಆಗಿ ವಾಪಸ್. ನಿಮ್ಮ ಗಂಟಲಿಗೆ ಕಾಯ್ತಾ ಇದ್ವಿ.”

“ಮರುಪ್ರಸಾರದಲ್ಲಿ, ಜಾಹೀರಾತಲ್ಲಿ ಹಾಕ್ತಿರೋ ಆ ಸಾವಿನ ಟೇಕ್ ಮೊದಲು ತೆಗೀರಿ.”

“ಯಾವುದು, ಆ… ಮೇಡಂ, ಅದನ್ನ ತೆಗೆಯೋದಾ? ಅಂಥದ್ದು ಮತ್ತೆ ಬರಲ್ಲ.”

“ಬರದೇ ಇರಲಿ ಅಂತಲೇ ಮಾತ್ರೆ ತಿಂತಿರೋದು.”

ಅರ್ಥವಾಗಲಿಲ್ಲ. ಅರ್ಥ ಮಾಡಿಸಿದೆ. ಮೆಲುದನಿಯಲ್ಲಿ, ಡಾಕ್ಟರ ಅಪ್ಪಣೆಯಂತೆ. ಮೆಲುದನಿಯಲ್ಲಿ ಬೈಯುವುದು ಎಷ್ಟು ಪರಿಣಾಮಕಾರಿ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನಿರ್ದೇಶಕರ ಮುಖ ಸುಣ್ಣವಾಯಿತು.

“ನಮಗೆ ಹೇಗೆ ಗೊತ್ತಾಗಬೇಕು ಮೇಡಂ? ನೀವು ಅಷ್ಟು ಚೆನ್ನಾಗಿ…”

“ಇವನಿಗೆ ಗೊತ್ತಾಗಬೇಕಿತ್ತು.” ಕಿವಿಯ ಕಡೆ ತಿರುಗಿದೆ. “ನನ್ನ ಹೊಟ್ಟೆ ಹಸಿದದ್ದು ಗೊತ್ತಾಗುತ್ತೆ ನಿನಗೆ. ಉಸಿರು ನಿಂತದ್ದು ಗೊತ್ತಾಗಲಿಲ್ಲವೇನೋ?”

ಕಿವಿ ತಲೆ ಎತ್ತಲಿಲ್ಲ. ಮಿಕ್ಸರ್ ಮೇಲಿನ ಒಂದು ಗುಂಡಿಯ ಧೂಳು ಒರೆಸಿದ. ಇಲ್ಲದ ಧೂಳು.

“ಗೊತ್ತಾಯ್ತು ಅಕ್ಕಾ.”

ನಿರ್ದೇಶಕರೂ ಅವನ ಕಡೆ ತಿರುಗಿದರು. ಅವನೇ ಮುಂದುವರಿಸಿದ.

“ಉಸಿರು ಬೇರೆ ಥರ ಇತ್ತು. ನಿಮ್ಮದಲ್ಲ ಅನ್ನಿಸ್ತು. ಒಂದು ಕ್ಷಣ ಎದ್ದು ಬರೋಣ ಅಂತ… ಅಷ್ಟರಲ್ಲಿ ಇವರು ಓಕೆ ಅಂದ್ರು. ಸೌಂಡ್ ಚೆನ್ನಾಗಿತ್ತು ಅಕ್ಕಾ. ಅದಕ್ಕೆ ಬಿಟ್ಟೆ.”

ಸೌಂಡ್ ಚೆನ್ನಾಗಿತ್ತು. ಕೇಳಿಸದವನನ್ನು ಕ್ಷಮಿಸಬಹುದು. ಇವನಿಗೆ ಕೇಳಿಸಿತ್ತು. ಎದೆಯ ಹತ್ತಿರ ಬಿಗಿಯಾಗತೊಡಗಿತು. ಕುರ್ಚಿ ಎಳೆದು ಕೂತೆ. ಮುಷ್ಟಿ ಬಿಚ್ಚಿದೆ. ಬಿಚ್ಚಿದ ಕೈಯಿಂದ ಕಪಾಳಕ್ಕೆ ಬಾರಿಸುವುದು ಸುಲಭ ಎಂಬುದೂ ಆಗ ಹೊಳೆಯಿತು. ಹೊಡೆಯಲಿಲ್ಲ.

“ಹೆಡ್‌ಫೋನ್ ಹಾಕ್ಕೊಳ್ಳಿ. ಇಬ್ಬರೂ. ಆ ಟೇಕ್ ಪೂರ್ತಿ ಕೇಳಿ. ಓಕೆ ಅಂದ ಮೇಲೂ ಮೈಕ್ ಆನ್ ಇತ್ತಲ್ಲ, ಅಲ್ಲಿವರೆಗೂ ಕೇಳಿ. ಲೈಟ್ ಹಾಕಿ ಕೇಳಿ.”

ಕೇಳಿದರು. ನಾನು ಅವರ ಮುಖ ನೋಡುತ್ತ ಕೂತೆ. ‘ಇನ್ನೊಂದು’ ಸಾಹೇಬರು ನಡುವೆಯೇ ಹೆಡ್‌ಫೋನ್ ತೆಗೆದಿಟ್ಟು ಎದ್ದು ಗೋಡೆಯ ಕಡೆ ನಿಂತರು. ಕಿವಿ ಕೊನೆಯವರೆಗೂ ಕೇಳಿದ. ನಾನು ನೆಲದ ಮೇಲೆ ಕೂತು ನೀರಿಗಾಗಿ ಹೊರಡಿಸಲು ನೋಡಿದ ಸದ್ದು ಅದರಲ್ಲಿ ಇದ್ದಿರಬೇಕು. ಆಮೇಲೆ ನನ್ನ ಕಣ್ಣೆದುರೇ ಅಳಿಸಿದ.

ಮರುಪ್ರಸಾರಕ್ಕೆಂದು ಸಾವನ್ನು ಮತ್ತೆ ಮಾಡಿದೆ. ಕುರ್ಚಿಯಲ್ಲಿ ಕೂತು, ಪಿಸುದನಿಯಲ್ಲಿ. ಸಾಲುಗಳ ನಡುವೆ ಜಾಗ ಬಿಡಿಸಿ ಬರೆಸಿಕೊಂಡೆ. ರಾಣಿ ಅಷ್ಟಗಲ ಬಾಯಿ ತೆರೆದ ಕಡೆ ನಗಾರಿ ತುಂಬುತ್ತೇನೆ ಅಂದ ಕಿವಿ. ಪಿಸುಗುಟ್ಟುವ ಶಾಪ ಕೂಗಿದ್ದಕ್ಕಿಂತ ಭಯಂಕರವಾಗಿತ್ತು, ನನಗೇ ಗೊತ್ತಾಯಿತು.

ಸ್ಪೀಕರಿನಲ್ಲಿ ಅಭ್ಯಾಸಬಲ. “ಚೆನ್ನಾಗಿತ್ತು ಮೇಡಂ. ಇನ್ನೊಂ…” ಅಲ್ಲಿಗೇ ನುಂಗಿಕೊಂಡರು.

“ಹೇಳಿ, ಹೇಳಿ,” ಅಂದೆ. “ಐದು ನಿಮಿಷ ಸುಮ್ಮನೆ ಕೂತಿರ್ತೀನಿ. ಆಮೇಲೆ ಇನ್ನೊಂದು.”

ಆ ಐದು ನಿಮಿಷ ಯಾರೂ ಲೈಟ್ ಮುಟ್ಟಲಿಲ್ಲ.

ಹೊರಡುವಾಗ ಊಟದ ಬಿಡುವು. ಚಹಾ ಫ್ಲಾಸ್ಕಿನ ಪಕ್ಕ ರಾಕ್ಷಸರಿಗೆ ದನಿ ಕೊಡುವ ನಮ್ಮ ‘ರಾಕ್ಷಸ’ ಕೂತು ತೋಳಿಗೆ ಪಟ್ಟಿ ಸುತ್ತಿಕೊಂಡಿದ್ದ. ಮಿಷನ್ ಕೀ ಅಂದಿತು. ಇನ್ನೂರು ದಾಟಿದೆ.

“ಇದು ರಿಹರ್ಸಲ್ ಅಕ್ಕಾ,” ಅಂದ, ನಗುತ್ತ.

ಅವನ ಕೈ ಹಿಡಿದೆ. “ಐದು ನಿಮಿಷ ಬಿಟ್ಟು ಇನ್ನೊಂದು ನೋಡೋಣ. ಆದ್ರೆ ಇದನ್ನ ಬಿಸಾಕೋ ಹಾಗಿಲ್ಲ. ಎರಡೂ ನಿನ್ನದೇ.”

ಕಾಯುವಾಗ ಅವನು ಒಮ್ಮೆಯೂ ನಗಲಿಲ್ಲ. ಎರಡನೆಯದೂ ಇನ್ನೂರರ ಆಸುಪಾಸು. ಕಿವಿಯೇ ಗಾಡಿ ತೆಗೆದು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ‘ಇನ್ನೊಂದು’ ಸಾಹೇಬರು ಅಟ್ಟಹಾಸದ ದೃಶ್ಯ ರದ್ದು ಮಾಡಿದರು. ಹೋಗುವಾಗ ಕಿವಿ ನನ್ನ ಮುಖ ನೋಡಿದ. ನಾನು ನೋಡಲಿಲ್ಲ. ಅಷ್ಟು ಬೇಗ ಇಲ್ಲ.


ಮಾರ್ಚ್ 17, ಬೆಳಗ್ಗೆ

ಎದ್ದ ಕೂಡಲೇ ಸಿಟ್ಟು. ರಾಕ್ಷಸ ಆಸ್ಪತ್ರೆಯಲ್ಲಿದ್ದಾನಂತೆ, ಬಿಪಿ ಇಳಿಸುತ್ತಿದ್ದಾರಂತೆ. ಕಿವಿ ಮೆಸೇಜ್ ಮಾಡಿದ್ದಾನೆ. ಕೊನೆಗೆ ‘ಸಾರಿ ಅಕ್ಕಾ’. ಸೋಮಾರಿ ಸಾರಿ. ಇದಕ್ಕೆ ಉತ್ತರ ಕೊಡುವುದೋ ಬೇಡವೋ… ಆ ಕ್ಲೀನ್ ಶೂ ಡಾಕ್ಟರಿಗೂ ಒಂದು ಪತ್ರ ಬರೆಯಬೇಕು. ಗಂಡನ ಮುಖ ನೋಡಿ ಹೆಂಡತಿಯ ಎದೆನೋವು ತೀರ್ಮಾನಿಸುವ ವಿದ್ಯೆ ಎಲ್ಲಿ ಕಲಿತಿರಿ ಅಂತ ಶುರು ಮಾಡಬೇಕು. ನಾದಿನಿ ಮಧ್ಯಾಹ್ನ ಬರುತ್ತಾಳಂತೆ, ಗ್ಯಾಸಿಗೆ ಏನೋ ಪುಡಿ ತರುತ್ತಾಳಂತೆ. ಅವಳ ಮೇಲೆ ಪ್ರತ್ಯೇಕ ಪುಟ ಬೇಕು.

ಇವರು ಬಂದು ತೋಳಿಗೆ ಪಟ್ಟಿ ಸುತ್ತಿದರು. “ಬರೀಬೇಡ ಈಗ.”

“ಬಲಗೈ ಖಾಲಿ ಇದೆ.”

“ಐದು ನಿಮಿಷ ಕಣೇ. ಪೆನ್ ಕೆಳಗಿಡು.”

“ಇನ್ನೂ ಎಷ್ಟು ಜನರನ್ನ ಬೈಯೋದು ಬಾಕಿ ಇದೆ ಗೊತ್ತಾ ನಿಮಗೆ?”

“ಗೊತ್ತು. ನನ್ನದೂ ಬಾಕಿ ಇದೆ ಅಂತ ಗೊತ್ತು. ಎಲ್ರೂ ಕಾಯ್ತಾರೆ. ಬೆನ್ನು ಒರಗಿಸು.”

ಒರಗಿಸಿದ್ದೇನೆ. ಪಾದ ನೆಲಕ್ಕಿದೆ. ಎದುರು ಕುರ್ಚಿಯಲ್ಲಿ ಇವರೂ ಕೂತಿದ್ದಾರೆ, ಬಲಗಾಲು ಮಾತ್ರ ಆಗಲೇ ನೆಲ ಒತ್ತುತ್ತಿದೆ. ಸರಿ, ಆ ಡಾಕ್ಟರಿಗೆ ಮೊದಲ ಸಾಲು ಒಂದು ಬರೆದುಬಿಟ್ಟು ನಿಲ್ಲಿಸುತ್ತೇ…